ಮೂರು ನಿಮಿಷದ ಚಿತ್

ಪಿ.ಟಿ. ಮಾಸ್ತರನ ನೌಕರಿಗೆ ಸೇರುವವರಿಗೆ ತರಬೇತಿ ಕಾಲೇಜಿನಲ್ಲಿ ಶಿಳ್ಳೆ ಊದುವುದನ್ನು ಕಲಿಸುತ್ತಾರೆ, ಖೋ ಖೋ ಅಂಗಳಕ್ಕೆ ಸುಣ್ಣ ಹಾಕುವುದನ್ನು ಕಲಿಸುತ್ತಾರೆ, ಬಿದ್ದವನ ಮೊಣಕಾಲಿಗೆ ಪಟ್ಟಿ ಕಟ್ಟುವುದನ್ನೂ ಕಲಿಸುತ್ತಾರೆ. ಮೈಕು ಹಿಡಿಯುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ನೌಕರಿ ಸಿಕ್ಕ ಮೇಲೆ ನೋಡಿ, ಆಗಸ್ಟ್ ಹದಿನೈದಕ್ಕೆ ಮೈಕು ನಿಮ್ಮ ಕೈಯಲ್ಲಿ, ಗಣಪತಿ ಕಳಿಸುವಾಗ ನಿಮ್ಮ ಕೈಯಲ್ಲಿ, ಊರಿನಲ್ಲಿ ಎಮ್ಮೆ ಕಳೆದರೂ ನಿಮ್ಮ ಕೈಯಲ್ಲಿ. ದನಿ ದೊಡ್ಡದಿದ್ದವನಿಗೆ ತಿಳಿವಳಿಕೆಯೂ ದೊಡ್ಡದಿರುತ್ತದೆ ಎಂದು ನಮ್ಮ ಕಡೆಯ ಜನ ನಂಬಿದ್ದಾರೆ. ಮೂವತ್ತೊಂದು ವರ್ಷ ನಾನು ಆ ನಂಬಿಕೆಯ ಮೇಲೆಯೇ ಪಗಾರ ತಿಂದೆ.

ಬಡ್ತಿಯ ವಿಷಯ ಬರೆಯುವುದಿಲ್ಲ, ಬರೆಯಲು ಏನೂ ಇಲ್ಲ. ಪಿ.ಟಿ. ಮಾಸ್ತರನಾಗಿ ಸೇರಿದವನು ಪಿ.ಟಿ. ಮಾಸ್ತರನಾಗಿಯೇ ನಿವೃತ್ತನಾಗುತ್ತಾನೆ. ನಡುವೆ ಬದಲಾಗುವುದು ಶಿಳ್ಳೆಯ ದಾರ ಮತ್ತು ಪ್ಯಾಂಟಿನ ಸೊಂಟದ ಅಳತೆ. ನಾನು ಬರೆಯಬೇಕೆಂದಿರುವುದು ಒಂದು ಸುಳ್ಳಿನ ವಿಷಯ. ಅದನ್ನು ಹೆತ್ತವನು ನಾನೇ, ಹತ್ತು ವರ್ಷ ಸಾಕಿದವನೂ ನಾನೇ.

ರಾಮದುರ್ಗದ ಕಡೆ ಎಂಟು ವರ್ಷ ದುಡಿದ ಮೇಲೆ, ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ, ಬೈಲಹೊಂಗಲ ತಾಲೂಕಿನ ಒಂದು ಊರಿಗೆ ನನಗೆ ವರ್ಗವಾಯಿತು. ದೊಡವಾಡದಿಂದ ಸೈಕಲ್ ತುಳಿದರೆ ಮುಕ್ಕಾಲು ತಾಸಿನ ದಾರಿ. ಊರ ಹೆಸರು ಹೇಳುವುದಿಲ್ಲ, ಅಲ್ಲಿಯವರ ಹತ್ತಿರ ನನ್ನ ಫೋನ್ ನಂಬರು ಈಗಲೂ ಇದೆ. ಆ ಊರಲ್ಲಿ ಗಂಗಪ್ಪ ಪೈಲ್ವಾನ ಎಂಬ ದೊಡ್ಡ ಕುಸ್ತಿಪಟು ಇದ್ದರು. ನಾನು ಹೋಗುವುದಕ್ಕೆ ಎರಡು ವರ್ಷ ಮೊದಲು ತೀರಿಕೊಂಡಿದ್ದರು. ಅವರ ನೆನಪಿಗೆ ಪ್ರತಿವರ್ಷ, ಜೋಳದ ರಾಶಿ ಮುಗಿದ ಮೇಲೆ, ಊರ ಹೊರಗಿನ ಕಣದಲ್ಲಿ ಕುಸ್ತಿ ಇಡುತ್ತಿದ್ದರು. ಕಮಿಟಿಯ ಅಧ್ಯಕ್ಷರು ಅವರ ಮಗ ಶಿವಪ್ಪಣ್ಣ. ಗೊಬ್ಬರದ ಅಂಗಡಿ ಇಟ್ಟಿದ್ದರು. ಅಪ್ಪನ ಹೊಟ್ಟೆ ಅವರಿಗೆ ಬಂದಿತ್ತು, ಅಪ್ಪನ ತಾಲೀಮು ಬಂದಿರಲಿಲ್ಲ. ಗಂಗಪ್ಪನವರ ಹೆಂಡತಿ ಪಾರವ್ವ ಕಣದಲ್ಲಿಟ್ಟ ಗಂಡನ ಫೋಟೋಕ್ಕೆ ದೀಪ ಹಚ್ಚಿ, ಅದರ ಪಕ್ಕದಲ್ಲಿಯೇ ಕಂಬಳಿ ಹಾಸಿಕೊಂಡು ಕೊನೆಯ ಕುಸ್ತಿಯವರೆಗೂ ಕೂರುತ್ತಿದ್ದರು.

ಹೆಡ್ ಮಾಸ್ತರರು ನನ್ನನ್ನು ಮೊದಲ ವಾರದಲ್ಲಿಯೇ ಕರೆದು ಹೇಳಿದರು, "ಮಾಸ್ತರ, ನಿಮ್ಮ ದನಿ ಸಾಲಿ ಪ್ರಾರ್ಥನಾಕ್ಕ ಹೆಚ್ಚಾಗೇತಿ. ಕುಸ್ತಿ ಕಣಕ್ಕ ಭೇಷ್ ಆಕ್ಕತಿ. ಶಿವಪ್ಪಣ್ಣಾರು ಸಾಲಿಗೆ ಎರಡ ಬೆಂಚ್ ಕೊಡ್ತೇನಿ ಅಂದಾರ. ಹೋಗಿ ಬರ್ರಿ."

ಹೀಗೆ ಎರಡು ಬೆಂಚಿಗೆ ನಾನು ಕುಸ್ತಿಯ ಮೈಕಿನವನಾದೆ.

ಆ ಕೆಲಸಕ್ಕೂ ರಿವಾಜು ಇದೆ. ಪೈಲ್ವಾನನನ್ನು ಕಣಕ್ಕೆ ಕರೆಯುವಾಗ ಮೊದಲು ಊರ ಹೆಸರು, ಆಮೇಲೆ ಅವನಿಗೆ ಕಲಿಸಿದ ವಸ್ತಾದನ ಹೆಸರು, ಕೊನೆಗೆ ಅವನ ಹೆಸರು. ಪೈಲ್ವಾನನ ಹೆಸರು ತಪ್ಪಿದರೆ ಜನ ನಗುತ್ತಾರೆ. ವಸ್ತಾದನ ಹೆಸರು ಬಿಟ್ಟರೆ ಕುಸ್ತಿಯೇ ನಡೆಯುವುದಿಲ್ಲ. ಮೊದಲ ವರ್ಷ ಸಂಗೊಳ್ಳಿಯ ಒಬ್ಬ ಪೈಲ್ವಾನನನ್ನು ಬರೀ ಹೆಸರು ಹಿಡಿದು ಕರೆದುಬಿಟ್ಟೆ. ಆತ ಲಂಗೋಟಿ ಬಿಗಿದುಕೊಂಡು ಬಂದು ಕೆಮ್ಮಣ್ಣಿನ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ. ಎದುರಾಳಿ ಶಡ್ಡು ಹೊಡೆದು ಹೊಡೆದು ತೊಡೆ ಕೆಂಪು ಮಾಡಿಕೊಂಡ. ಈತ ಏಳಲಿಲ್ಲ. ಕೊನೆಗೆ ತೀರ್ಪು ಕೊಡುವ ಪಂಚರು ನನ್ನ ಹತ್ತಿರ ಬಂದು, "ಅಂವಾ ಏನ್ ತಾನ ಹುಟ್ಟಿದಕೂಡ್ಲೇ ಡಾವ್ ಕಲತ ಬಂದಾನೇನ್ರಿ? ವಸ್ತಾದರ ಹೆಸರ ಹೇಳ್ರಿ" ಎಂದು ಕಿವಿಯಲ್ಲಿ ಹೇಳಿದ ಮೇಲೆ ನನಗೆ ತಿಳಿಯಿತು. ಹೆಸರು ಹೇಳಿದೆ. ಆತ ಎದ್ದ, ಎರಡು ನಿಮಿಷದಲ್ಲಿ ಸೋತ, ಸಮಾಧಾನದಿಂದ ಹೋದ.

ಮೈಕಿನವನ ನಿಜವಾದ ಕಷ್ಟ ಬರುವುದು ಕುಸ್ತಿ ನಿಂತುಬಿಟ್ಟಾಗ. ಸಮಜೋಡಿ ಬಿದ್ದರೆ ಇಬ್ಬರೂ ಕುತ್ತಿಗೆಗೆ ಕೈ ಹಾಕಿ, ಹಣೆಗೆ ಹಣೆ ಕೊಟ್ಟು, ಅರ್ಧ ತಾಸು ಅಲ್ಲಾಡದೆ ನಿಲ್ಲುತ್ತಾರೆ. ಹಲಗಿ ಬಡಿಯುವವರು ದಣಿಯುತ್ತಾರೆ. ಜನಕ್ಕೆ ನೋಡಲು ಏನೂ ಇಲ್ಲದಾಗ ಮೈಕಿನವನನ್ನು ನೋಡುತ್ತಾರೆ. ಮೊದಲ ವರ್ಷದ ಕೊನೆಯ ಕುಸ್ತಿ ಹಾಗೆ ನಿಂತಿತು. ಊರಿನ ವರ್ಣನೆ ಮಾಡಿದೆ, ದಾನಿಗಳ ಹೆಸರು ಎರಡು ಸಲ ಓದಿದೆ, ಬ್ರಹ್ಮಚರ್ಯದ ಮಹತ್ವ ಹೇಳಿದೆ. ಇಬ್ಬರೂ ಅಲ್ಲಾಡಲಿಲ್ಲ. ಕೊನೆಗೆ ಗಂಗಪ್ಪ ಪೈಲ್ವಾನರ ಕಥೆಗೆ ಕೈ ಹಾಕಿದೆ.

ನನಗೆ ಗೊತ್ತಿದ್ದದ್ದು ಚಹಾದ ಅಂಗಡಿಯಲ್ಲಿ ಕಿವಿಗೆ ಬಿದ್ದಿದ್ದ ಒಂದೇ ಮಾತು. ಗಂಗಪ್ಪ ಪೈಲ್ವಾನ ಒಂದು ಕಾಲಕ್ಕೆ ರಾಮದುರ್ಗದ ಕಣದಲ್ಲಿ ಸಿರಸಂಗಿಯ ಫಕೀರಪ್ಪ ಪೈಲ್ವಾನನ ಜೊತೆ ಆಡಿದ್ದರು. ಯಾರು ಗೆದ್ದರು ಎಂದು ಅಂಗಡಿಯವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮೈಕಿನಲ್ಲಿ ಕೇಳುವುದಕ್ಕೆ ಬರುವುದಿಲ್ಲ, ಹೇಳುವುದಕ್ಕೆ ಮಾತ್ರ ಬರುತ್ತದೆ. ಹೇಳಿದೆ: "ಸಿರಸಂಗಿಯ ಹುಲಿ ಅನಿಸಿಕೊಂಡ ಫಕೀರಪ್ಪನನ್ನು ನಮ್ಮ ಗಂಗಪ್ಪ ಪೈಲ್ವಾನರು ಕೇವಲ ಮೂರು ನಿಮಿಷದಲ್ಲಿ ಚಿತ್ ಮಾಡಿದರು!"

ಮೂರೇ ಯಾಕೆ ಎಂದರೆ, ಎರಡು ಎಂದರೆ ನಂಬುವುದು ಕಷ್ಟ, ನಾಲ್ಕು ಎಂದರೆ ರಭಸ ಸಾಲದು. ಜನ ಕುಂತಲ್ಲಿಂದ ಎದ್ದರು. ರುಮಾಲು ಹಾರಿದವು. ಕುತ್ತಿಗೆ ಹಿಡಿದು ನಿಂತಿದ್ದ ಇಬ್ಬರೂ ಬೆಚ್ಚಿಬಿದ್ದು ಆಟ ಶುರು ಮಾಡಿದರು. ಶಿವಪ್ಪಣ್ಣ ಬಂದು ನನ್ನನ್ನು ತಬ್ಬಿಕೊಂಡು, "ಮಾಸ್ತರ, ನಮ್ಮಪ್ಪ ಇದನ್ನ ನನಗೂ ಹೇಳಿದ್ದಿಲ್ಲ ನೋಡ್ರಿ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಹೇಳದಿರುವುದಕ್ಕೆ ಬೇರೆ ಕಾರಣ ಇರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ವರ್ಷ ಅದು ಹ್ಯಾಂಡ್‌ಬಿಲ್ಲಿನಲ್ಲಿ ಬಂತು. ಅದರ ಮುಂದಿನ ವರ್ಷ ಕಣದ ಬಾಗಿಲಿಗೆ ನಿಲ್ಲಿಸಿದ ಕಲ್ಲಿನಲ್ಲಿ ಕೆತ್ತಿಸಿದರು. ಸಾಲಿಯ ರಸಪ್ರಶ್ನೆ ಸ್ಪರ್ಧೆಯಲ್ಲಿ ಎಂಟನೆಯ ವರ್ಗದ ಹುಡುಗಿ "ಮೂರು ನಿಮಿಷ" ಎಂದು ಉತ್ತರಿಸಿ ಕಂಪಾಸ್ ಪೆಟ್ಟಿಗೆ ಗೆದ್ದಳು. ಪ್ರಶ್ನೆ ತೆಗೆದವನು ನಾನಲ್ಲ, ಅಂಕ ಕೊಟ್ಟವನು ನಾನು. ಊರಲ್ಲಿ ನಿಜ ಗೊತ್ತಿದ್ದ ನಾಲ್ಕು ಮುದುಕರು ಇದ್ದಿರಲೇಬೇಕು. ಅವರು ಬಾಯಿ ಬಿಡಲಿಲ್ಲ. ಊರ ಹೆಸರು ಮೇಲೆ ಹೋಗುವಾಗ ಕಾಲು ಹಿಡಿದು ಎಳೆಯುವವರು ಯಾರು?

ನಡುವೆ ಕಾಲ ಬದಲಾಯಿತು. ಕೇಬಲ್ ಟೀವಿ ಬಂತು. ಒಂದು ವರ್ಷ ಕಣಕ್ಕೆ ಒಬ್ಬ ಪೈಲ್ವಾನ ಮುಖದ ತುಂಬ ಕೆಂಪು ಮುಸುಕು ಹಾಕಿಕೊಂಡು, ಕಣ್ಣಿಗಷ್ಟೇ ತೂತು ಬಿಟ್ಟುಕೊಂಡು ಬಂದ. ಹೆಂಡತಿಯ ಕುಪ್ಪಸದ ಅರಿವೆಯಿಂದ ಹೊಲಿಸಿದ್ದ. ಮೆಕ್ಸಿಕೊ ಎಂಬ ದೇಶದಲ್ಲಿ ಕುಸ್ತಿ ಹೀಗೆಯೇ ಆಡುತ್ತಾರೆ ಎಂದ. ನಮ್ಮ ಪಂಚರು ಒಪ್ಪಲಿಲ್ಲ. "ಕುಸ್ತಿ ಹಿಡಿಯೂ ಮುಂದ ಕೈಗೆ ಮಣ್ಣ ಕೊಡಾಂವ ಯಾರಂತ ಎದುರಿನಾಂವಗ ಗೊತ್ತಾಗಬೇಕಲ್ಲೋ. ತಗಿ ಅದನ್ನ" ಎಂದು ತಾವೇ ಎಳೆದರು. ಒಳಗಿದ್ದವನು ಪಕ್ಕದ ಊರಿನ ಗುಮಾಸ್ತ. ಬೆನ್ನುನೋವೆಂದು ಹದಿನೈದು ದಿನ ರಜೆ ಹಾಕಿದ್ದವನು. ಅವನ ಸಾಹೇಬರು ಅತಿಥಿಗಳ ಕುರ್ಚಿಯಲ್ಲಿ ಕುಳಿತಿದ್ದರು. ಅವತ್ತು ಆತ ಗೆದ್ದ, ಮರುದಿನ ನೋಟೀಸು ಬಂತು.

ನಮ್ಮ ಸಮಾಜ ವಿಷಯದ ಮಾಸ್ತರರು ಯಾವುದೋ ಪೇಪರಿನಲ್ಲಿ ಓದಿ ಹೇಳಿದರು, ಆ ಮೆಕ್ಸಿಕೊದಲ್ಲಿಯೂ ಹಳೆಯ ದೊಡ್ಡ ಪೈಲ್ವಾನರ ಗೌರವಕ್ಕೆ ವರ್ಷಕ್ಕೊಮ್ಮೆ ಕುಸ್ತಿ ಇಡುತ್ತಾರಂತೆ, ಸಾವಿರಾರು ಮಂದಿ ಸೇರುತ್ತಾರಂತೆ. ಅಲ್ಲಿ ಮೈಕು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. ಅದು ಪೇಪರಿನಲ್ಲಿ ಇರಲಿಲ್ಲ. ಯಾರಿದ್ದರೂ ಅವನೂ ನನ್ನ ಜಾತಿಯವನೇ ಇರಬೇಕು ಎಂದುಕೊಂಡು ಸ್ವಲ್ಪ ಧೈರ್ಯ ತಂದುಕೊಂಡೆ.

ಆಮೇಲೆ ಮ್ಯಾಟು ಬಂತು. ಅದುವರೆಗೆ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಕಲಸಿ ಎಂಟು ದಿನ ಹದ ಮಾಡುತ್ತಿದ್ದೆವು. ಮ್ಯಾಟಿಗೆ ಗಾಡಿ ಬಾಡಿಗೆ ಕೊಟ್ಟರೆ ಸಾಕು. ಅದರ ಮೇಲೆ ಅಂಕ ಎಣಿಸಬೇಕು, ಗಡಿಯಾರ ನೋಡಬೇಕು. ತರಬೇತಿಗೆ ನನ್ನನ್ನೇ ಕಳಿಸಿದರು. ಸ್ಟಾಪ್‌ವಾಚು ಕೈಯಲ್ಲಿ ಹಿಡಿದ ಮೇಲೆ ನನಗೆ ಮೊದಲ ಸಲ ತಿಳಿಯಿತು: ಮೂರು ನಿಮಿಷ ಅಂದರೆ ಎಷ್ಟು ಸಣ್ಣದು ಎಂದು. ಇಬ್ಬರು ಒಳ್ಳೆಯ ಪೈಲ್ವಾನರು ಒಬ್ಬರ ಮುಖ ಒಬ್ಬರು ನೋಡಿ ಮುಗಿಸುವುದಕ್ಕೆ ಅಷ್ಟು ಹೊತ್ತು ಬೇಕು. ತಿಳಿದ ಮೇಲೆಯೂ ಆ ವರ್ಷ ಮೈಕಿನಲ್ಲಿ ಮೂರು ನಿಮಿಷ ಎಂದೇ ಹೇಳಿದೆ.

ಎರಡು ಸಾವಿರ ಇಸವಿಯ ಆಸುಪಾಸಿನ ಒಂದು ವರ್ಷ ಸಿರಸಂಗಿಯ ಒಬ್ಬ ಪೈಲ್ವಾನ ಬಂದಿದ್ದ. ಹೆಸರು ಕಾಳಪ್ಪ. ಚೀಟಿಯಲ್ಲಿ ವಸ್ತಾದರ ಹೆಸರು ಫಕೀರಪ್ಪ ಎಂದಿತ್ತು. ಬೇರೆ ಫಕೀರಪ್ಪ ಇರಬೇಕೆಂದುಕೊಂಡೆ. ನನ್ನ ಲೆಕ್ಕದಲ್ಲಿ ಹಳೆಯ ಪೈಲ್ವಾನರೆಲ್ಲ ಸತ್ತಿದ್ದರು, ಇಲ್ಲದಿದ್ದರೆ ಸ್ಮರಣೆ ಯಾಕೆ ಮಾಡುತ್ತಿದ್ದೆವು? ರಿವಾಜಿನಂತೆ ಕರೆದೆ: "ಸಿರಸಂಗಿ, ಫಕೀರಪ್ಪ ವಸ್ತಾದರ ಪಟ್ಟಶಿಷ್ಯ, ಕಾಳಪ್ಪ!" ಎಲ್ಲ ಕಡೆಯಿಂದ ಒಂದೇ ಕೂಗು: "ಮೂರ ನಿಮಿಷ! ಮೂರ ನಿಮಿಷ!" ಕಾಳಪ್ಪ ತಲೆ ತಗ್ಗಿಸಿ ಕಣಕ್ಕೆ ಇಳಿದ. ಚೆನ್ನಾಗಿ ಆಡುವವನೇ. ಆದರೆ ಅವತ್ತು ಬೇಗ ಬಿದ್ದ.

ಕುಸ್ತಿ ಮುಗಿದ ಮೇಲೆ ಒಬ್ಬ ಮುದುಕರು ನನ್ನ ಹತ್ತಿರ ಬಂದರು. ಬಿಳಿ ರುಮಾಲು, ಮುದುಡಿಹೋದ ಕಿವಿಗಳು. ಕಿವಿ ನೋಡಿದರೆ ಸಾಕು, ಪೈಲ್ವಾನರು ಎಂದು ತಿಳಿಯುತ್ತದೆ.

"ಮಾಸ್ತರ, ರಾಮದುರ್ಗದ ಕಣದಾಗ ನೀವಿದ್ರೇನ್ರಿ?" ಎಂದರು.

"ಇಲ್ರಿ" ಎಂದೆ.

"ನಾ ಇದ್ನಿ. ನಾನ ಫಕೀರಪ್ಪ."

ನನ್ನ ಕೈಯಲ್ಲಿದ್ದ ಮೈಕು ಇನ್ನೂ ಬಂದ್ ಆಗಿರಲಿಲ್ಲ. ಗಡಿಬಿಡಿಯಲ್ಲಿ ಬಂದ್ ಮಾಡಿದೆ.

"ಒಂದೂಕಾಲ ತಾಸ ನಡೀತ್ರಿ ಕುಸ್ತಿ. ಹೊತ್ತ ಮುಳುಗಿತು, ಒಬ್ಬರ ಮುಖ ಒಬ್ಬರಿಗೆ ಕಾಣದಂಗ ಆತು. ಪಂಚರು ನಡುವ ಬಂದು ಇಬ್ಬರ ಕೈನೂ ಎತ್ತಿದ್ರು. ಬರೋಬರಿ. ಯಾರೂ ಬೀಳಲಿಲ್ಲ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ನಾ ಜಗಳಕ್ಕ ಬಂದಿಲ್ಲ. ಗಂಗಪ್ಪ ನನ್ನ ಗೆಳ್ಯಾ. ಅವನ ಹೆಸರ ದೊಡ್ಡದಾಗ್ಲಿ. ಆದ್ರ ನಮ್ಮ ತಾಲೀಮಿನ ಮನ್ಯಾಗ ಮೊದಲ ಇಪ್ಪತ್ತೈದ ಮಂದಿ ಇದ್ರು. ಈಗ ಮೂರ ಮಂದಿ ಉಳದಾರ. ಮೂರ ನಿಮಿಷದಾಗ ಬಿದ್ದಾಂವ ಏನ್ ಕಲಸ್ತಾನ ಅಂತ ಮಂದಿ ಮಕ್ಕಳನ್ನ ಕಳಸೂದಿಲ್ಲ. ಇದ ಮೈಕಿನ್ಯಾಗ ಒಮ್ಮೆ ಬರೋಬರಿ ಅಂತ ಹೇಳಿಬಿಡ್ರಿ. ಸಾಕ."

ಆಗಲಿ ಎಂದು ಕೈ ಮುಗಿದೆ. ಕೈ ಮುಗಿಯುವುದು ಸುಲಭ.

ಶಿವಪ್ಪಣ್ಣನ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಅವರು ಯೂರಿಯಾ ಚೀಲದ ಮೇಲೆ ಕುಳಿತು ಕೇಳಿ, "ಮಾಸ್ತರ, ಗೆಲಿಸಿದಾವ್ರು ನೀವ. ಈಗ ಸತ್ತಾಂವನ್ನ ಹಿಡಕೊಂಡ ಬರೋಬರಿ ಮಾಡ್ತೀರೇನು? ಕಲ್ಲಿನ್ಯಾಗ ಕೆತ್ತಸೇನಿ" ಎಂದರು. ಹೆಡ್ ಮಾಸ್ತರರನ್ನು ಕೇಳಿದೆ. "ಬೆಂಚ್ ಈಗ ಆರ ಆಗ್ಯಾವ್ರಿ" ಎಂದಷ್ಟೇ ಹೇಳಿ ಹಾಜರಿ ಪುಸ್ತಕ ತೆರೆದರು.

ನಾನು ಹೇಡಿಗಳ ದಾರಿ ಹಿಡಿದೆ. ಮುಂದಿನ ವರ್ಷ ನಿಮಿಷ ಬಿಟ್ಟು "ವೀರೋಚಿತ ಜಯ" ಎಂದೆ. ಅದರ ಮುಂದಿನ ವರ್ಷ ಜಯವನ್ನೂ ಬಿಟ್ಟು "ಐತಿಹಾಸಿಕ ಕುಸ್ತಿ" ಎಂದೆ. ಜನ ಕೆಳಗಿನಿಂದ "ಮೂರ ನಿಮಿಷ!" ಎಂದು ಕೂಗಿ ನಾನು ಮರೆತದ್ದನ್ನು ನೆನಪು ಮಾಡಿಕೊಟ್ಟರು. ಎರಡು ವರ್ಷವೂ ಫಕೀರಪ್ಪನವರು ಬಂದಿದ್ದರು. ಕಣದ ದಂಡೆಯ ಮೇಲೆ ಕುಳಿತು, ನನ್ನ ಮಾತು ಮುಗಿಯುವವರೆಗೆ ಕೇಳಿ, ಎದ್ದು ಹೋಗುತ್ತಿದ್ದರು.

ಮೂರನೆಯ ವರ್ಷ ಕುಸ್ತಿಗೆ ಒಂದು ತಿಂಗಳು ಮೊದಲು ಕಾಳಪ್ಪ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ವಸ್ತಾದರಿಗೆ ಲಕ್ವಾ ಹೊಡೆದಿದೆ, ಎಡಗೈ ಎಡಗಾಲು ಹೋಗಿವೆ ಎಂದ. "ತಾಲೀಮು?" ಎಂದೆ. "ಕೀಲಿ ಹಾಕೇವ್ರಿ" ಎಂದ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆತ ನಮಸ್ಕಾರ ಹೇಳಿ ಬಸ್ಸು ಹತ್ತಿದ. ಅವತ್ತು ನನಗೆ ನಾಚಿಕೆಯಾಯಿತು. ಗಾಯಗೊಂಡವನ ಕಾಲಿಗೆ ಪಟ್ಟಿ ಕಟ್ಟುವುದನ್ನು ಕಲಿತ ಮನುಷ್ಯ ನಾನು. ಒಂದು ಊರಿನ ತಾಲೀಮಿಗೆ ಕೀಲಿ ಹಾಕಿಸಿದ್ದೆ.

ಆ ವರ್ಷ ದೀಪ ಹಚ್ಚಿದ ಕೂಡಲೇ, ಮೊದಲ ಕುಸ್ತಿಗೂ ಮುಂಚೆ, ಮೈಕು ಹಿಡಿದು ಹೇಳಿಬಿಟ್ಟೆ. "ಹತ್ತು ವರ್ಷದಿಂದ ನಾನು ನಿಮಗೆ ಸುಳ್ಳು ಹೇಳಿದ್ದೇನೆ. ಆ ಕುಸ್ತಿಯನ್ನು ನಾನು ನೋಡಿಲ್ಲ. ಯಾರೂ ಚಿತ್ ಆಗಲಿಲ್ಲ. ಬರೋಬರಿ ಆಗಿತ್ತು."

ಮೊದಲು ಜನ ನಕ್ಕರು, ಮಾಸ್ತರ ಚೇಷ್ಟೆ ಮಾಡುತ್ತಿದ್ದಾನೆ ಎಂದು. ಎರಡನೆಯ ಸಲ ಹೇಳಿದಾಗ ನಗು ನಿಂತಿತು. "ಸಿರಸಂಗ್ಯಾವರು ಏನ್ ಕೊಟ್ರೋ ಮಾಸ್ತರಗ?" ಎಂದು ಯಾರೋ ಕೂಗಿದರು. "ಇಳಸ್ರಿ ಅಂವನ್ನ!" ಎಂದು ಇನ್ನೊಬ್ಬರು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ ಜನ, ಅದೇ ದನಿಯಲ್ಲಿ, ಅದೇ ಮೈಕಿನಲ್ಲಿ ಬಂದ ನಿಜಕ್ಕೆ ಸಾಕ್ಷಿ ಕೇಳಿದರು. ಶಿವಪ್ಪಣ್ಣ ಬಂದು ನನ್ನ ಕೈಯಿಂದ ಮೈಕು ಕಸಿದುಕೊಂಡರು.

ಆಗ ಫೋಟೋದ ಪಕ್ಕದ ಕಂಬಳಿಯಿಂದ ಪಾರವ್ವ ಎದ್ದರು. ಮೊಣಕಾಲು ಹಿಡಿದುಕೊಂಡು ನಿಧಾನ ನಡೆದು ಬಂದು, ಮಗನ ಕೈಯಲ್ಲಿದ್ದ ಮೈಕಿನ ಎದುರು ನಿಂತರು.

"ಕುಸ್ತಿ ಆದ ಮರುದಿನ ಇಬ್ಬರೂ ಕೂಡೇ ನಮ್ಮ ಮನಿಗೆ ಬಂದ್ರು" ಎಂದರು. ಅವರ ದನಿ ಮೈಕಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. "ಎಂಟ ದಿನ ಇದ್ರು. ಇಬ್ಬರ ಕೈನೂ ಭುಜದ ಮ್ಯಾಲ ಏಳತಿದ್ದಿಲ್ಲ. ನಮ್ಮ ಅತ್ತಿ ಇಬ್ಬರನ್ನೂ ಜೋಡಿಲೆ ಕುಂದ್ರಿಸಿ ತುತ್ತ ಮಾಡಿ ಉಣಸತಿದ್ಲು. ನಾ ರೊಟ್ಟಿ ಬಡದ ಬಡದ ಸಾಕಾಗಿದ್ನಿ. ಮೂರ ನಿಮಿಷದಾಗ ಕೆಡವಿದಾವನ ಕೈ ಎಂಟ ದಿನ ಏಳೂದಿಲ್ಲೇನ್ರೋ?"

ಶಿವಪ್ಪಣ್ಣ ಮೆಲ್ಲಗೆ, "ಯವ್ವಾ, ಇಷ್ಟ ವರ್ಷ ಯಾಕ ಹೇಳಲಿಲ್ಲ?" ಎಂದರು.

"ಯಾರರೆ ನನ್ನ ಕೇಳಿದ್ರೇನು?" ಎಂದರು ಪಾರವ್ವ.

ನಾನು ಹತ್ತು ವರ್ಷ ಅವರಿಂದ ಮೂರು ಮೊಳ ದೂರದಲ್ಲಿ ನಿಂತು ಅವರ ಗಂಡನ ಕಥೆ ಹೇಳಿದ್ದೆ. ಪ್ರತಿವರ್ಷ ಮೊದಲಿಗೆ ಅವರ ಕಾಲಿಗೆ ನಮಸ್ಕಾರ ಮಾಡುತ್ತಿದ್ದೆ. ಕೇಳಿರಲಿಲ್ಲ.

ಮುಂದಿನ ವರ್ಷ ಮೈಕು ಬೇರೆಯವರ ಕೈಗೆ ಹೋಯಿತು, ಸಾಲಿಗೆ ಬೆಂಚು ಬರುವುದು ನಿಂತಿತು, ಹೆಡ್ ಮಾಸ್ತರರು ನನ್ನ ವರ್ಗಾವಣೆ ಅರ್ಜಿಗೆ ಎಂದೂ ಇಲ್ಲದ ವೇಗದಲ್ಲಿ ಸಹಿ ಹಾಕಿದರು. ಕಲ್ಲಿನ ಆ ಸಾಲಿಗೆ ಶಿವಪ್ಪಣ್ಣ ಸಿಮೆಂಟು ಬಳಿಸಿದರು. ಸಿಮೆಂಟಿನ ಕೆಳಗೆ ಏನಿತ್ತು ಎಂದು ಬಂದವರೆಲ್ಲ ಕೇಳುತ್ತಾರಂತೆ, ಊರವರು ಪೂರ್ತಿ ಕಥೆ ಹೇಳಬೇಕಾಗಿದೆಯಂತೆ.

ನಿಜ ಹೇಳಿದ ಆ ಕುಸ್ತಿಯಾದ ಮೊದಲ ರವಿವಾರವೇ ನಾನು ಸವದತ್ತಿಗೆ ಹೋಗಿ, ಬಸ್ಸು ಬದಲಿಸಿ, ಸಿರಸಂಗಿಗೆ ಹೋದೆ. ಫಕೀರಪ್ಪನವರು ಪಡಸಾಲೆಯಲ್ಲಿ ಮಲಗಿದ್ದರು. ಕಾಳಪ್ಪ ಅವರ ಎಡಗೈಗೆ ಎಣ್ಣೆ ತಿಕ್ಕುತ್ತಿದ್ದ. ತಾಲೀಮಿನ ಕೀಲಿ ಎರಡು ದಿನದ ಹಿಂದೆ ತೆಗೆದಿದ್ದೇವೆ, ಕಣದ ಸುದ್ದಿ ಕೇಳಿ ಐದು ಮಂದಿ ಬಂದಿದ್ದಾರೆ ಎಂದು ಅವನೇ ಮೊದಲು ಹೇಳಿದ. ನಾನು ನಡೆದದ್ದನ್ನೆಲ್ಲ ಹೇಳಿದೆ, ಕ್ಷಮಿಸಿರಿ ಎಂದೆ. ಅವರು ನನ್ನ ಕ್ಷಮೆಯ ಕಡೆ ಲಕ್ಷ್ಯ ಕೊಡಲಿಲ್ಲ.

"ಪಾರವ್ವ ಹೇಳಿದ್ಲೇನ್ರಿ?" ಎಂದರು. "ತುತ್ತ ಮಾಡಿ ಉಣಿಸಿದ್ದೂ ಹೇಳಿದ್ಲು?"

ಹೌದೆಂದೆ. ಸೊಟ್ಟಗಾಗಿದ್ದ ಬಾಯಿಯಲ್ಲಿ ನಕ್ಕರು, ಬಹಳ ಹೊತ್ತು ನಕ್ಕರು. ಆಮೇಲೆ ಕಾಳಪ್ಪನನ್ನು ನೀರು ತರಲು ಒಳಗೆ ಕಳಿಸಿ, ಬಲಗೈಯಿಂದ ನನ್ನನ್ನು ಹತ್ತಿರ ಕರೆದರು.

"ಖರೇ ಹೇಳ್ತೇನಿ ಮಾಸ್ತರ. ಪಂಚರು ಇನ್ನ ಐದ ನಿಮಿಷ ತಡಾ ಮಾಡಿದ್ರ ನಾ ಬೀಳ್ತಿದ್ನಿ. ಕಾಲ ನಡಗಾಕ ಹತ್ತಿದ್ವು. ಅದು ಗಂಗಪ್ಪಗೂ ಗೊತ್ತಿತ್ತು, ಅಂವಾ ಸಾಯೂ ತನಕಾ ಯಾರಿಗೂ ಹೇಳಲಿಲ್ಲ."

ಒಳಗೆ ಕೊಡದಲ್ಲಿ ತಂಬಿಗೆ ಅದ್ದಿದ ಸಪ್ಪಳ ಕೇಳಿತು. ಅವರು ತಲೆ ಎತ್ತಿ ನೋಡಿ, ನನ್ನ ಕೈ ಬಿಗಿಯಾಗಿ ಹಿಡಿದರು.

"ಆದ್ರ ಬಿದ್ದಿದ್ದಿಲ್ಲ."